ಕೇಳಿದ್ದು ಒಂದು, ಸಚಿವರು ಹೇಳಿದ್ದು ಇನ್ನೊಂದು: ಲೋಕಸಭೆಯ ಪ್ರಶ್ನೋತ್ತರದಿಂದ ಮಲೆನಾಡಿಗೆ ಸಿಗುವುದೇನು?

ಗೊರಬು (ತೀರ್ಥಹಳ್ಳಿ)

ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ. ಮರ ಹತ್ತುವ ಕೊನೆಗಾರರು ಬಂದು, ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, ಆಕಾಶ ನೋಡಿ ವಾಪಸ್ ಹೋಗುತ್ತಿದ್ದಾರೆ. ನನಗೆ ಬೆಳಗ್ಗೆ 11 ಗಂಟೆಗೆ ಲೋಕಸಭೆಯ ನೇರಪ್ರಸಾರ ಹಾಕಿಕೊಂಡು ಕುಳಿತುಕೊಳ್ಳುವ ಚಟ ಹತ್ತಿದೆ. ನೋಡಿದಷ್ಟೂ ಪಿತ್ತ ನೆತ್ತಿಗೇರುತ್ತದೆ.

ವಿರೋಧ ಪಕ್ಷದ ಸದಸ್ಯರೊಬ್ಬರು ಎದ್ದು ನೇರವಾಗಿಯೇ ಕೇಳುತ್ತಾರೆ: ಇಷ್ಟು ಕೊಡುತ್ತೇವೆ ಎಂದಿದ್ದಿರಿ, ಕೊಟ್ಟದ್ದು ಎಷ್ಟು? ಸಚಿವರು ಎದ್ದು ಸಭಾಧ್ಯಕ್ಷರಿಗೊಂದು ವಂದನೆ, ತಮ್ಮ ನಾಯಕರಿಗೊಂದು ವಂದನೆ ಸಲ್ಲಿಸಿ, ನಿಮ್ಮ ಸರ್ಕಾರವಿದ್ದಾಗ ಏನಾಗಿತ್ತು ಎಂದು ಆರಂಭಿಸುತ್ತಾರೆ. ಕೊಟ್ಟದ್ದು ಎಷ್ಟು ಎಂಬುದು ಬರುವಷ್ಟರಲ್ಲಿ ಸಭಾಧ್ಯಕ್ಷರು ಮುಂದಿನ ಪ್ರಶ್ನೆಯ ಸಂಖ್ಯೆ ಕೂಗಿರುತ್ತಾರೆ. ಯಾವ ಪಕ್ಷದ ಸಚಿವರು ಎಂದು ನಾನು ಹೇಳುವುದಿಲ್ಲ. ಆ ಆಸನದಲ್ಲಿ ಕುಳಿತವರೆಲ್ಲರೂ ಹೀಗೆಯೇ ಮಾಡಿದ್ದಾರೆ, ಇಂದಿನ ವಿರೋಧ ಪಕ್ಷದವರೂ ಸೇರಿ.

ಅಡಿಕೆಯ ಬಗ್ಗೆ ನಮ್ಮ ಭಾಗದ ಎಲ್ಲ ಪಕ್ಷದವರೂ ಪ್ರಶ್ನೆ ಕೇಳಿದ್ದಾರೆ, ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದೆ. ಎಲೆಚುಕ್ಕೆ ರೋಗ ತೋಟ ಬಿಟ್ಟು ಹೋಯಿತೇ? ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ಔಷಧಿ ಸಿಕ್ಕಿತೇ? ಇಷ್ಟು ಖರ್ಚು ಮಾಡಿ ನಡೆಸುವ ಆ ಒಂದು ಗಂಟೆಯಿಂದ ನಮ್ಮಂಥವರಿಗೆ ಆಗುವ ಪ್ರಯೋಜನವೇನು? ತಿಳಿದವರು ಹೇಳಿ.

ಕೊನೆಗಾರ (ಹೊಸನಗರ)

ಗೊರಬಿನವರೆ, ಪ್ರಯೋಜನ ಇಲ್ಲದೆ ಏನು? 2005ರಲ್ಲಿ ಸದನದಲ್ಲಿ ಪ್ರಶ್ನೆ ಕೇಳುವುದಕ್ಕೆ ಹಣ ತೆಗೆದುಕೊಂಡ 11 ಸಂಸದರನ್ನು ಮನೆಗೆ ಕಳುಹಿಸಿದ್ದು ನೆನಪಿಲ್ಲವೇ. ಬೆಲೆಯೇ ಇಲ್ಲದ ಸರಕಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ?

ಹಳೆಯ ವರದಿಗಾರ (ಸಾಗರ)

ಕೊನೆಗಾರರು ತಮಾಷೆಗೆ ಹೇಳಿದರೂ ಅದರಲ್ಲಿ ಅರ್ಥವಿದೆ. ಟಿವಿಯಲ್ಲಿ ಕಾಣುವುದು ಪ್ರಶ್ನೋತ್ತರದ ಅತಿ ಸಣ್ಣ ಭಾಗ. ಅದನ್ನು ನೋಡಿ ಇಡೀ ವ್ಯವಸ್ಥೆಯನ್ನು ತೂಗಬೇಡಿ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಇವಕ್ಕೆ ಸಚಿವರು ಬಾಯಿಮಾತಿನಲ್ಲಿ ಉತ್ತರಿಸಬೇಕು. ಇವುಗಳ ಜೊತೆಗೆ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು. ಇವಕ್ಕೆ ಲಿಖಿತ ಉತ್ತರ. ರಾಜ್ಯಸಭೆಯಲ್ಲಿ 15 ಮತ್ತು 160. ಅಲ್ಲಿನ ಪ್ರಶ್ನೋತ್ತರ ವೇಳೆ 2014ರಿಂದ ಮಧ್ಯಾಹ್ನ 12ಕ್ಕೆ ಹೋಗಿದೆ. ಆ 20ರಲ್ಲಿ ಸದನದಲ್ಲಿ ಬಾಯಿಮಾತಿಗೆ ಬರುವುದು ನಾಲ್ಕೋ ಐದೋ. ಇಪ್ಪತ್ತೂ ಪ್ರಶ್ನೆ ಒಂದೇ ದಿನ ಮುಗಿದರೆ ಅದೇ ಸುದ್ದಿ: 2019ರ ನವೆಂಬರ್ 27ರಂದು ಹಾಗಾದಾಗ, 1972ರ ನಂತರ ಇದೇ ಮೊದಲು ಎಂದು ಪತ್ರಿಕೆಗಳು ಬರೆದವು. ಉಳಿದವುಗಳ ಉತ್ತರ ಕಾಗದದಲ್ಲಿ ಸದನದ ಮೇಜಿಗೆ ಹೋಗುತ್ತದೆ. ಅದನ್ನು ಯಾರೂ ಟಿವಿಯಲ್ಲಿ ನೋಡುವುದಿಲ್ಲ. ನನ್ನ ಮಟ್ಟಿಗೆ ನಿಜವಾದ ಸರಕು ಇರುವುದು ಅಲ್ಲಿ.

ಬಾಯಿಮಾತಿನ ಉತ್ತರದ ಮಹತ್ವ ಇರುವುದು ಉಪಪ್ರಶ್ನೆಯಲ್ಲಿ. ಮೊದಲ ಉತ್ತರ ಇಲಾಖೆ ಬರೆದುಕೊಟ್ಟದ್ದು. ಪ್ರಶ್ನೆಯ ಸೂಚನೆ ಕನಿಷ್ಠ 15 ದಿನ ಮೊದಲೇ ಬಂದಿರುತ್ತದೆ, ಅಧಿಕಾರಿಗಳು ತಿದ್ದಿ ತೀಡಿರುತ್ತಾರೆ. ಮೂಲ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆ ಕೇಳಲು ಅವಕಾಶ, ಆಮೇಲೆ ಸಭಾಧ್ಯಕ್ಷರು ಕರೆದವರಿಗೆ. ಉಪಪ್ರಶ್ನೆ ಏನು ಬರುತ್ತದೆ ಎಂದು ಸಚಿವರಿಗೆ ಖಚಿತವಾಗಿ ಗೊತ್ತಿರುವುದಿಲ್ಲ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಯ ಮೇಲೆ ಚೀಟಿ ಬರತೊಡಗಿದರೆ ಸಚಿವರು ಓದಿಕೊಂಡು ಬಂದಿಲ್ಲ ಎಂದೇ ತಿಳಿಯಿರಿ. ಬ್ರಿಟಿಷರು 1892ರಲ್ಲಿ ಪ್ರಶ್ನೆ ಕೇಳುವ ಹಕ್ಕು ಕೊಟ್ಟಾಗಲೂ ಉಪಪ್ರಶ್ನೆಯನ್ನು ಕೊಡಲಿಲ್ಲ. ಅದು ಸಿಕ್ಕಿದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ. ಯಾವುದನ್ನು ಕೊಡಲು ಆಳುವವರು ಹಿಂದೆಮುಂದೆ ನೋಡಿದರೋ ಅದಕ್ಕೇ ಹರಿತ ಜಾಸ್ತಿ.

1957ರಲ್ಲಿ ಜೀವ ವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಿಗೆ ಹೋದದ್ದು ಹೊರಬಿದ್ದದ್ದೂ ಲೋಕಸಭೆಯ ಪ್ರಶ್ನೆಯಿಂದಲೇ. ಹಿಂದೆ ಬಿದ್ದು ಕೆದಕಿದವರು ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ. 1958ರಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಕುಲುಮೆ (ಭದ್ರಾವತಿ)

ವರದಿಗಾರರೆ, 1957ರ ಕಥೆ ಕೇಳಲು ಚೆನ್ನಾಗಿದೆ. ನಮ್ಮ ಊರಿನ ಕಥೆ ಕೇಳಿ. ವಿಐಎಸ್‌ಎಲ್ ಕಾರ್ಖಾನೆ, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿತು. 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ (ಸೇಲ್) ವಿಲೀನವಾಯಿತು. ಆಮೇಲೆ ಮಾರುತ್ತೇವೆ ಎಂದರು, ಕೊಳ್ಳುವವರು ಬರಲಿಲ್ಲ, 2022ರಲ್ಲಿ ಮಾರಾಟದ ಪ್ರಕ್ರಿಯೆಯನ್ನೇ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಈ ಇಡೀ ಅವಧಿಯಲ್ಲಿ ಸಂಸತ್ತಿನಲ್ಲಿ ಪ್ರಶ್ನೆಗಳು ಬಂದಿವೆ, ಉತ್ತರಗಳೂ ಬಂದಿವೆ. ಆಡಳಿತದಲ್ಲಿ ಯಾರಿದ್ದರೂ ಉತ್ತರದ ಧಾಟಿ ಒಂದೇ: ಕಾರ್ಖಾನೆ ನಷ್ಟದಲ್ಲಿದೆ, ವಿಷಯ ಪರಿಶೀಲನೆಯಲ್ಲಿದೆ. ಪರಿಶೀಲನೆ ಎಂಬ ಕುಲುಮೆ ಮಾತ್ರ ನಮ್ಮೂರಿನಲ್ಲಿ ಯಾವತ್ತೂ ಆರಿಲ್ಲ. ಅದರಿಂದ ಒಂದು ಕಿಲೋ ಉಕ್ಕೂ ಬಂದಿಲ್ಲ.

ನೀವು ಹೇಳುವ ಲಿಖಿತ ಉತ್ತರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣವೇ?

ಹಳೆಯ ವರದಿಗಾರ (ಸಾಗರ)

ಕುಲುಮೆಯವರೆ, ನಿಮ್ಮ ಸಿಟ್ಟು ನ್ಯಾಯವಾದದ್ದು. ಪ್ರಶ್ನೆಯಿಂದ ಕಾರ್ಖಾನೆ ನಡೆಯುತ್ತದೆ ಎಂದು ನಾನೆಂದೂ ಹೇಳಲಿಲ್ಲ. ಆದರೆ ಪರಿಶೀಲನೆಯಲ್ಲಿದೆ ಎಂಬ ಮಾತನ್ನು ಹಾಗೆಯೇ ಬಿಡಬೇಕಾಗಿಲ್ಲ. ಸದನದಲ್ಲಿ ಸಚಿವರು ‘ವಿಷಯ ಪರಿಶೀಲನೆಯಲ್ಲಿದೆ’ ಎಂದರೆ, ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು ಸದನದ ಮುಂದೆ ಇಡಲಾಗುವುದು’ ಎಂದರೆ, ಅದು ಭರವಸೆ ಎಂದು ದಾಖಲಾಗುತ್ತದೆ. ಲೋಕಸಭೆಯಲ್ಲಿ 1953ರಿಂದಲೇ ಸರ್ಕಾರಿ ಭರವಸೆಗಳ ಸಮಿತಿ ಎಂದು ಒಂದಿದೆ, 15 ಸದಸ್ಯರದ್ದು. ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಎಂಬುದು ನಿಯಮ. ಆಗದಿದ್ದರೆ ಸಚಿವಾಲಯ ಹೆಚ್ಚಿನ ಕಾಲಾವಕಾಶ ಕೇಳಬೇಕು, ಇಲ್ಲವೇ ಭರವಸೆಯನ್ನು ಕೈಬಿಡಿ ಎಂದು ಕಾರಣ ಕೊಟ್ಟು ಬೇಡಿಕೊಳ್ಳಬೇಕು. ಸಮಿತಿ ಅಧಿಕಾರಿಗಳನ್ನು ಕರೆಸಿ ಕೂರಿಸಿಕೊಂಡು ಕೇಳುತ್ತದೆ.

ವರ್ಷಗಟ್ಟಲೆ ಕೊಳೆಯುತ್ತಿರುವ ಭರವಸೆಗಳೂ ಅಲ್ಲಿ ಬೇಕಾದಷ್ಟಿವೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಅನುಭವವಿರುವ ಇಲಾಖೆಗಳು ಈಗ ‘ಪರಿಶೀಲಿಸುತ್ತೇವೆ’ ಎಂಬ ಮಾತನ್ನೇ ತಪ್ಪಿಸಿ, ‘ಇದು ನಿರಂತರ ಪ್ರಕ್ರಿಯೆ’ ಎಂದು ಬರೆಯುತ್ತವೆ. ಎಲ್ಲಿಯೂ ಸಿಕ್ಕಿಹಾಕಿಕೊಳ್ಳದ ವಾಕ್ಯ ಅದು. ಅಂಥ ವಾಕ್ಯ ಕಂಡರೆ ಒಳಗೆ ಏನೋ ಇದೆ ಎಂದು ತಿಳಿದುಕೊಳ್ಳಬಹುದು.

ದಂಡಾವತಿ (ಸೊರಬ)

ನಾನು ಆರೋಗ್ಯ ಕ್ಷೇತ್ರದಲ್ಲಿರುವವಳು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತಪ್ಪು ಕೇಳುವವರದ್ದು.

ಮಂಗನ ಕಾಯಿಲೆಯನ್ನು ತೆಗೆದುಕೊಳ್ಳಿ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಪ್ರತಿ ಬೇಸಿಗೆಯಲ್ಲಿ ಕಾಡಿಗೆ ದರಗು (ಒಣಗಿದ ಎಲೆ) ತರಲು, ಸೌದೆಗೆ ಹೋದವರು ಉಣ್ಣಿ ಕಚ್ಚಿಸಿಕೊಂಡು ಜ್ವರ ಹಿಡಿದು ಮಲಗುತ್ತಾರೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಈಗ ದೆಹಲಿಯಲ್ಲಿ ಯಾರಾದರೂ ‘ಮಲೆನಾಡಿನಲ್ಲಿ ಮಂಗನ ಕಾಯಿಲೆಯಿಂದ ಜನ ಸಾಯುತ್ತಿದ್ದಾರೆ, ಸರ್ಕಾರ ಏನು ಮಾಡುತ್ತಿದೆ’ ಎಂದು ಕೇಳಿದರೆ ಬರುವ ಉತ್ತರ ನನಗೆ ಈಗಲೇ ಗೊತ್ತು: ಸಾರ್ವಜನಿಕ ಆರೋಗ್ಯ ರಾಜ್ಯದ ವಿಷಯ. ಅದು ಸುಳ್ಳೂ ಅಲ್ಲ, ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಹಾಗೆಯೇ ಇದೆ. ಸಚಿವರಿಗೆ ನಾವೇ ತಪ್ಪಿಸಿಕೊಳ್ಳುವ ಬಾಗಿಲು ತೆರೆದುಕೊಟ್ಟ ಹಾಗಾಯಿತು.

ಅದರ ಬದಲು ಹೀಗೆ ಕೇಳಲಿ: ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯಲ್ಲಿ ನಡೆಯುತ್ತಿದೆ, ಅದು ಯಾವ ಹಂತದಲ್ಲಿದೆ? ಮನುಷ್ಯರ ಮೇಲಿನ ಪ್ರಯೋಗದ ಪ್ರತಿ ಹಂತಕ್ಕೆ ನಿಗದಿಯಾದ ಗಡುವು ಏನು? ಈವರೆಗೆ ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದು ಎಷ್ಟು? ಮಂಡಳಿ ಕೇಂದ್ರದ್ದು. ಈಗ ಸಚಿವರು ರಾಜ್ಯದ ಕಡೆ ಬೆರಳು ತೋರಿಸಲು ಸಾಧ್ಯವೇ?

ಗೊರಬು (ತೀರ್ಥಹಳ್ಳಿ)

ದಂಡಾವತಿಯಕ್ಕ, ಇದು ನನಗೆ ಹೊಳೆದಿರಲಿಲ್ಲ. ನಾನು ಉತ್ತರವನ್ನೇ ನೋಡುತ್ತಿದ್ದೆ, ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ತುಂಗೆಯ ದಡ (ಶಿವಮೊಗ್ಗ)

ಎಲ್ಲರೂ ಸಚಿವರನ್ನೇ ಬೈಯುತ್ತಿದ್ದೀರಿ. ಪ್ರಶ್ನೋತ್ತರ ವೇಳೆಯನ್ನು ಹಾಳು ಮಾಡುವವರು ಯಾರು? 11 ಗಂಟೆಗೆ ಸದನ ಸೇರುತ್ತದೆ, ಫಲಕ ಹಿಡಿದು ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗೆ ಇಳಿಯುತ್ತಾರೆ, ಐದು ನಿಮಿಷದಲ್ಲಿ ಕಲಾಪ ಮುಂದೂಡಿಕೆ. ಆ ದಿನದ ಇಪ್ಪತ್ತೂ ಪ್ರಶ್ನೆಗಳು ಲಿಖಿತ ಉತ್ತರವಾಗಿ ಬದಲಾಗುತ್ತವೆ. ಉಪಪ್ರಶ್ನೆಯೇ ಇಲ್ಲ. ಓದಿಕೊಂಡು ಬಾರದ ಸಚಿವರಿಗೆ ಇದಕ್ಕಿಂತ ದೊಡ್ಡ ಉಪಕಾರ ಉಂಟೇ? ಚೀಟಿ ಕಳುಹಿಸಬೇಕಾಗಿದ್ದ ಅಧಿಕಾರಿಗಳೂ ಕ್ಯಾಂಟೀನಿಗೆ ಹೋಗುತ್ತಾರೆ. ವಿರೋಧ ಪಕ್ಷ ತನ್ನ ಕೈಯಲ್ಲಿರುವ ಕತ್ತಿಯನ್ನು ತಾನೇ ಒರೆಗೆ ಹಾಕಿ ಕೂಗಾಡುತ್ತದೆ.

ಸೋಮೇಶ್ವರ ತಿರುವು (ಆಗುಂಬೆ)

ದಡದವರೆ, ಅರ್ಧ ಮಾತ್ರ ಹೇಳಿದಿರಿ. 2020ರ ಮುಂಗಾರು ಅಧಿವೇಶನದಲ್ಲಿ ಕೊರೊನಾ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರಲ್ಲ, ಆಗ ಬಾವಿಗೆ ಇಳಿದವರು ಯಾರಿದ್ದರು? ಲಿಖಿತ ಉತ್ತರ ಮಾತ್ರ ಉಳಿಯಿತು. ಮಸೂದೆಗಳು ಮಾತ್ರ ಸಾಂಗವಾಗಿ ಪಾಸಾದವು. 1962ರಲ್ಲಿ ಚೀನಾ ಯುದ್ಧದ ಸಮಯದಲ್ಲಿಯೂ ಕೈಬಿಟ್ಟಿದ್ದರು, ಆಗ ಇದ್ದದ್ದು ಬೇರೆ ಪಕ್ಷದ ಸರ್ಕಾರ. ಕಷ್ಟಕಾಲ ಬಂದಾಗ ಮೊದಲು ಬೀಳುವ ಮರ ಇದೇ.

ವಿರೋಧ ಪಕ್ಷದವರು ಯಾಕೆ ಗದ್ದಲ ಮಾಡುತ್ತಾರೆ? ಅವರು ಚರ್ಚೆಗೆ ಕೇಳಿದ ವಿಷಯಕ್ಕೆ ಅವಕಾಶ ಕೊಡದಿದ್ದರೆ ಇನ್ನೇನು ಮಾಡಬೇಕು? ಪ್ರಶ್ನೆ ಯಾವುದು ಪಟ್ಟಿಗೆ ಬರುತ್ತದೆ ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ದೇಶಕ್ಕೆ ಬೆಂಕಿ ಬಿದ್ದ ದಿನ ಆ ವಿಷಯದ ಪ್ರಶ್ನೆಯೇ ಪಟ್ಟಿಯಲ್ಲಿ ಇರುವುದಿಲ್ಲ, ಹದಿನೈದು ದಿನ ಹಿಂದೆ ಕೊಟ್ಟ ಬೇರೆ ಯಾವುದೋ ಪ್ರಶ್ನೆ ಇರುತ್ತದೆ. ಸುಮ್ಮನೆ ಕುಳಿತು ಅದನ್ನು ಕೇಳಬೇಕೇ?

ತುಂಗೆಯ ದಡ (ಶಿವಮೊಗ್ಗ)

ಹೌದು, ಕೇಳಬೇಕು. ಒಂದು ಗಂಟೆ. 12ಕ್ಕೆ ಶೂನ್ಯ ವೇಳೆ ಇದೆಯಲ್ಲ, ಆಗ ಬೆಂಕಿಯ ವಿಷಯ ಎತ್ತಲಿ. ನಿಮ್ಮ ಪಕ್ಷದ ನಾಯಕರಿಗೆ ಸಂಜೆಯ ಸುದ್ದಿಯಲ್ಲಿ

ನಿರ್ವಾಹಕ

ಮೇಲಿನ ಪ್ರತಿಕ್ರಿಯೆಯ ಉಳಿದ ಭಾಗವನ್ನು ತೆಗೆಯಲಾಗಿದೆ. ಯಾರು ಯಾವ ಪಕ್ಷ ಎಂಬ ಲೆಕ್ಕಾಚಾರ ಚುನಾವಣೆಯ ಎಳೆಯಲ್ಲಿ ನಡೆಯಲಿ. ಇಲ್ಲಿ ಸಚಿವರು, ಪ್ರಶ್ನೆ, ಉತ್ತರ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಲೋಕಸಭೆಯ ಪ್ರಶ್ನೆಯಿಂದ ಮಲೆನಾಡಿಗೆ ಏನು ಸಿಕ್ಕಿತು ಎಂದು ಗೊರಬಿನವರು ಕೇಳಿದ್ದಾರೆ. ಸಿಕ್ಕಿದ್ದು ಗೊತ್ತಿಲ್ಲ, ಕಳೆದುಕೊಂಡದ್ದು ಗೊತ್ತು. ನಮ್ಮ ಜಿಲ್ಲೆ ಒಬ್ಬ ಸಂಸದೆಯನ್ನೇ ಕಳೆದುಕೊಂಡಿತು.

1978ರ ಉಪಚುನಾವಣೆ ಎಂದರೆ ನಮ್ಮ ಹಿರಿಯರಿಗೆ ಇಂದಿಗೂ ಹಬ್ಬ. ಡಿ. ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ಬಂದು ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. ನವೆಂಬರಿನಲ್ಲಿ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಕಾಫಿ ತೋಟದ ದಾರಿಗಳಲ್ಲಿ ದೇಶವಿದೇಶದ ಪತ್ರಕರ್ತರು ಜೀಪಿನಲ್ಲಿ ಓಡಾಡಿದ ಕಥೆ ಎಲ್ಲರಿಗೂ ಗೊತ್ತು. ಮುಂದಿನ ಕಥೆ ಬಹಳ ಜನರಿಗೆ ಗೊತ್ತಿಲ್ಲ. ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳುಹಿಸಿತು. ತುರ್ತು ಪರಿಸ್ಥಿತಿ ಹೇರಿದ್ದಕ್ಕೆ ಶಿಕ್ಷೆ ಎಂದು ಜನ ತಿಳಿದಿದ್ದಾರೆ. ಅಲ್ಲ. ಕಾರಣ ಒಂದು ಪ್ರಶ್ನೆ.

1975ರಲ್ಲಿ ಅವರು ಪ್ರಧಾನಿಯಾಗಿದ್ದಾಗ, ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ವಿರೋಧ ಪಕ್ಷದವರ ಪ್ರಶ್ನೆ ಬಂತು. ಉತ್ತರ ಸಿದ್ಧಪಡಿಸಬೇಕಲ್ಲ, ನಾಲ್ಕು ಅಧಿಕಾರಿಗಳು ಮಾಹಿತಿ ಸಂಗ್ರಹಿಸಲು ಹೊರಟರು. ಅವರು ಮಾಡಿದ್ದು ಅಷ್ಟೇ: ಪ್ರಶ್ನೆಗೆ ಉತ್ತರ ಹುಡುಕಿದ್ದು. ಆ ನಾಲ್ವರ ಮನೆಗೂ ಸಿಬಿಐ ದಾಳಿ, ಮೊಕದ್ದಮೆ, ಕಿರುಕುಳ. ಆಗ ಕೈಗಾರಿಕಾ ಸಚಿವರಾಗಿದ್ದವರು ನಮ್ಮ ಘಟ್ಟದ ಕೆಳಗಿನವರೇ ಆದ ಟಿ. ಎ. ಪೈ. ಅವರು ಆಮೇಲೆ, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಮುಂದೆ ಈ ಬಗ್ಗೆ ಸಾಕ್ಷ್ಯ ಹೇಳಿದರು. ಸರ್ಕಾರ ಬದಲಾದ ಮೇಲೆ ಮಧು ಲಿಮಯೆ ಮುಂತಾದವರು ಹಕ್ಕುಚ್ಯುತಿಯ ವಿಷಯ ಎತ್ತಿದರು. ಹಕ್ಕುಬಾಧ್ಯತಾ ಸಮಿತಿ ವಿಚಾರಿಸಿ, ಸದನದ ಪ್ರಶ್ನೆಗೆ ಉತ್ತರ ಸಂಗ್ರಹಿಸುವವರನ್ನು ತಡೆಯುವುದು ಸದನವನ್ನೇ ತಡೆದ ಹಾಗೆ ಎಂದು ತೀರ್ಮಾನಿಸಿತು.

ಹಾಗಾಗಿ ಟಿವಿಯಲ್ಲಿ ಸಚಿವರು ಓದುವ ಆ ನೀರಸ ಕಾಗದವಿದೆಯಲ್ಲ, ಅದರ ಹಿಂದೆ ಎಲ್ಲೋ ಒಬ್ಬ ಉಪ ಕಾರ್ಯದರ್ಶಿ ಕಡತ ತಿರುವಿರುತ್ತಾನೆ. ಉತ್ತರ ಸಪ್ಪೆಯಾಗಿದ್ದರೆ ಅವನಿಗೆ ಮಾಹಿತಿ ಸಿಗಲಿಲ್ಲವೋ, ಸಿಕ್ಕಿದ್ದನ್ನು ಬರೆಯಬೇಡ ಎಂದು ಮೇಲಿನವರು ಹೇಳಿದರೋ ಎಂದು ನನಗೆ ಪ್ರತಿ ಬಾರಿಯೂ ಅನುಮಾನ.

ಕೊನೆಗಾರ (ಹೊಸನಗರ)

ನಮ್ಮ ಅಪ್ಪ ಆ ಚುನಾವಣೆಯ ಭಾಷಣ ಕೇಳಲು ಲಾರಿ ಹತ್ತಿ ಚಿಕ್ಕಮಗಳೂರಿಗೆ ಹೋಗಿದ್ದರಂತೆ. ಗೆಲ್ಲಿಸಿದ ಮರುತಿಂಗಳೇ ಜೈಲು ಎಂದು ಗೊಣಗುತ್ತಿದ್ದರು. ಕಾರಿನ ಕಂಪನಿಯ ಪ್ರಶ್ನೆ ಎಂದು ಯಾರೂ ಹೇಳಿರಲಿಲ್ಲ.

ತುಂಗೆಯ ದಡ (ಶಿವಮೊಗ್ಗ)

ಮುಳ್ಳಯ್ಯನಗಿರಿಯವರೆ, ಇನ್ನೊಂದು ತುದಿಯನ್ನೂ ಹೇಳಿ. ಇಂದಿರಾ ಮತ್ತೆ ಅಧಿಕಾರಕ್ಕೆ ಬಂದ ಮೇಲೆ 1981ರ ಮೇ ತಿಂಗಳಲ್ಲಿ ಲೋಕಸಭೆಯೇ ಆ ನಿರ್ಣಯವನ್ನು ರದ್ದು ಮಾಡಿತು. ಹಿಂದಿನ ಲೋಕಸಭೆಯ ಕಾಲದಲ್ಲಿ ನಡೆದದ್ದಕ್ಕೆ ಮುಂದಿನ ಲೋಕಸಭೆ ಶಿಕ್ಷೆ ಕೊಡಬಹುದೇ ಎಂಬುದು ಆಗಲೇ ಇದ್ದ ತಕರಾರು. ಉಚ್ಚಾಟಿಸಿದಾಗ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ಪ್ರಶ್ನೆಯ ಪಾವಿತ್ರ್ಯಕ್ಕಿಂತ ಸೇಡು ಮುಖ್ಯವಾಗಿತ್ತು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಸೇಡು ಇತ್ತು, ಇಲ್ಲವೆನ್ನುವುದಿಲ್ಲ. ಬೇರೆ ಶಿಕ್ಷೆ ಸಾಕಾಗಿತ್ತು, ಮತದಾರರು ಆರಿಸಿ ಕಳುಹಿಸಿದವರನ್ನು ಹೊರಗೆ ಹಾಕಬಾರದಿತ್ತು ಎಂದೇ ನಾನೂ ಹೇಳುತ್ತೇನೆ. ಆದರೆ ನಾಲ್ಕು ಅಧಿಕಾರಿಗಳ ಮನೆ ಮೇಲಿನ ದಾಳಿಯನ್ನು 1981ರ ನಿರ್ಣಯ ರದ್ದು ಮಾಡಲು ಆಗಲಿಲ್ಲ.

ಹಳೆಯ ವರದಿಗಾರ (ಸಾಗರ)

ಶಿವಮೊಗ್ಗದವರಾಗಿ ಇನ್ನೊಂದು ಮಾತು ಸೇರಿಸಲೇಬೇಕು. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಎದ್ದು ಮಾತನಾಡಿದರು, ಹಾಗೆ ಮಾತನಾಡಿದವರಲ್ಲಿ ಮೊದಲಿಗರು. ಆಗ ಪೀಠದಲ್ಲಿದ್ದ ಸಂಜೀವ ರೆಡ್ಡಿಯವರು ಅವಕಾಶ ಕೊಟ್ಟರು. ಈಗ ಸದನದಲ್ಲಿ ಕನ್ನಡಕ್ಕೂ ತತ್‌ಕ್ಷಣದ ಅನುವಾದ ಇದೆ. ಆದರೂ ಲಿಖಿತ ಉತ್ತರ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಮ್ಮ ಬೆಳೆಗಾರರಿಗೆ ಉತ್ತರ ತಲುಪದಿರುವುದಕ್ಕೆ ಇದೂ ಒಂದು ಕಾರಣ. ಪತ್ರಿಕೆಗಳು ಮೊದಲ ಸಾಲನ್ನು ಹಾಕುತ್ತವೆ, ಅನುಬಂಧದ ಕೋಷ್ಟಕವನ್ನು ಯಾರೂ ತೆರೆಯುವುದಿಲ್ಲ.

ವಿಧಾನಸಭೆಯ ಕಡೆಗೆ ಬಂದರೆ ಶಾಂತವೇರಿ ಗೋಪಾಲಗೌಡರ ಹೆಸರು ಬಿಟ್ಟು ಮುಂದೆ ಹೋಗಲಾಗದು. 1952ರಲ್ಲಿ ಮೊದಲ ಬಾರಿ ಆಯ್ಕೆಯಾಗಿ, 1962 ಮತ್ತು 1967ರಲ್ಲಿ ಮತ್ತೆ ಗೆದ್ದು, ಕೊನೆಯವರೆಗೂ ವಿರೋಧ ಪಕ್ಷದ ಬೆಂಚಿನಲ್ಲೇ ಕುಳಿತವರು. ಕಾಗೋಡಿನ ಗೇಣಿದಾರರ ವಿಷಯವನ್ನು ಬಿಡದೆ ಎತ್ತಿದರು. 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ. ಅವರ ಕಾಲದ ಉತ್ತರಗಳನ್ನು ಸಾಲಾಗಿ ಓದಿದರೆ ಪ್ರಯೋಜನವೇನು ಎಂದು ನೀವು ಆಗಲೂ ಕೇಳುತ್ತಿದ್ದಿರಿ.

ನಮ್ಮ ಸಾಗರದ ಕಾಗೋಡು ತಿಮ್ಮಪ್ಪನವರು 2013ರಿಂದ ಮೂರು ವರ್ಷ ವಿಧಾನಸಭಾಧ್ಯಕ್ಷರಾಗಿದ್ದಾಗ ತಮ್ಮದೇ ಪಕ್ಷದ ಸಚಿವರನ್ನು ಪೀಠದಿಂದಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದದ್ದೂ ನೆನಪಿರಬೇಕು. ಪೀಠದಲ್ಲಿ ಕುಳಿತವರು ‘ಕೇಳಿದ್ದಕ್ಕೆ ಉತ್ತರ ಹೇಳಿ’ ಎಂದು ಸಚಿವರಿಗೆ ಹೇಳುವುದಾದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ದೆಹಲಿಯಲ್ಲಿ ಅದು ಅಪರೂಪವಾಗಿದೆ.

ಗೊರಬು (ತೀರ್ಥಹಳ್ಳಿ)

ಸರಿ, ಮಾತು ಸಾಕು. ಮಳೆ ಇನ್ನೂ ಬಿಟ್ಟಿಲ್ಲ, ನಾನೇ ಒಂದು ಪ್ರಶ್ನೆ ಬರೆದಿದ್ದೇನೆ. ಸಂಸದರಿಗೆ ಕೊಡೋಣ. ತಿದ್ದಿಕೊಡಿ.

‘ಸರ್ಕಾರದ ಘೋರ ನಿರ್ಲಕ್ಷ್ಯದಿಂದ ಮಲೆನಾಡಿನ ಬಡ ಅಡಿಕೆ ಬೆಳೆಗಾರರು ಬೀದಿಗೆ ಬಿದ್ದಿರುವುದು, ಕಳಪೆ ವಿದೇಶಿ ಅಡಿಕೆ ಮಾರುಕಟ್ಟೆಗೆ ನುಗ್ಗುತ್ತಿರುವುದು, ಎಲೆಚುಕ್ಕೆ ಮತ್ತು ಹಳದಿ ಎಲೆ ರೋಗ ಹಬ್ಬಿರುವುದು, ಅಡಿಕೆಗೆ ಕ್ಯಾನ್ಸರ್‌ಕಾರಕ ಎಂಬ ಹಣೆಪಟ್ಟಿ ಕಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಯಾವ ಕ್ರಮ ಕೈಗೊಳ್ಳಲಾಗಿದೆ?’

ಹಳೆಯ ವರದಿಗಾರ (ಸಾಗರ)

ಗೊರಬಿನವರೆ, ಬೇಸರಿಸಿಕೊಳ್ಳಬೇಡಿ, ಇದು ಲೋಕಸಭಾ ಸಚಿವಾಲಯದ ಹೊಸ್ತಿಲು ದಾಟುವುದಿಲ್ಲ. ಪ್ರಶ್ನೆಯಲ್ಲಿ ವಾದ, ಆರೋಪ, ವ್ಯಂಗ್ಯ, ವಿಶೇಷಣ ಇರಬಾರದು ಎಂದು ನಿಯಮ 41ರಲ್ಲಿಯೇ ಇದೆ. ಘೋರ, ಬಡ, ಕಳಪೆ, ಎಲ್ಲವೂ ಹೋಗಲಿ. 150 ಪದಗಳ ಮಿತಿಯೂ ಉಂಟು.

ಅದಕ್ಕಿಂತ ಮುಖ್ಯವಾದದ್ದು: ನೀವು ನಾಲ್ಕು ಸಚಿವಾಲಯಗಳನ್ನು ಒಂದೇ ಮೂಟೆಗೆ ಕಟ್ಟಿದ್ದೀರಿ. ಆಮದು ಬೆಲೆ ವಾಣಿಜ್ಯ ಸಚಿವಾಲಯದ್ದು. ಕಳ್ಳಸಾಗಣೆ ಹಿಡಿಯುವ ಕಸ್ಟಮ್ಸ್ ಹಣಕಾಸು ಸಚಿವಾಲಯದ್ದು. ರೋಗದ ಸಂಶೋಧನೆ, ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಇವು ಕೃಷಿಯವರಿಗೆ. ಕ್ಯಾನ್ಸರಿನ ಮಾತು ಆರೋಗ್ಯದವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ. ಸಚಿವಾಲಯಗಳನ್ನು ಐದು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ದಿನ ಕೊಟ್ಟಿರುತ್ತಾರೆ. ಹೀಗೆ ಒಟ್ಟಿಗೆ ಕೇಳಿದರೆ ಪ್ರತಿಯೊಬ್ಬರೂ ಅದು ಅವರದ್ದು, ಇದು ಇವರದ್ದು ಎನ್ನುತ್ತಾರೆ. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದರೆ ‘ಬಂದಿದೆ’ ಎಂಬ ಒಂದು ಪದದ ಉತ್ತರ ಸಾಕು.

ಸೋಮೇಶ್ವರ ತಿರುವು (ಆಗುಂಬೆ)

‘ಯಾವ ಕ್ರಮ ಕೈಗೊಳ್ಳಲಾಗಿದೆ’ ಎಂಬುದನ್ನೂ ಬಿಡಿ. ಅದಕ್ಕೆ ಎರಡು ಪುಟ ಯೋಜನೆಗಳ ಹೆಸರು ಸುರಿಯುತ್ತಾರೆ. ಸಂಖ್ಯೆ ಕೇಳಿ, ವರ್ಷವಾರು ಕೇಳಿ.

ಗೊರಬು (ತೀರ್ಥಹಳ್ಳಿ)

ಮತ್ತೆ ಬರೆದಿದ್ದೇನೆ. ವಾಣಿಜ್ಯ ಸಚಿವರಿಗೆ:

(ಅ) 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ ನಂತರ ಯಾವ ದೇಶದಿಂದ, ಯಾವ ಬಂದರಿನ ಮೂಲಕ, ಎಷ್ಟು ಟನ್ ಅಡಿಕೆ ಆಮದಾಗಿದೆ, ವರ್ಷವಾರು ವಿವರ;

(ಆ) ಕನಿಷ್ಠ ಬೆಲೆಯ ಷರತ್ತಿಲ್ಲದೆ ಭೂತಾನಿನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ತರಲು 2022ರಲ್ಲಿ ನೀಡಿದ ಅನುಮತಿಯ ಅಡಿಯಲ್ಲಿ ಈವರೆಗೆ ಬಂದದ್ದು ಎಷ್ಟು, ವರ್ಷವಾರು ವಿವರ;

(ಇ) ಹುರಿದ ಅಡಿಕೆಗೂ ಕನಿಷ್ಠ ಬೆಲೆ ಅನ್ವಯಿಸಿದ 2025ರ ಆದೇಶಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಆ ಹೆಸರಿನಲ್ಲಿ ಆಮದಾದ ಪ್ರಮಾಣ ಎಷ್ಟು;

(ಈ) ಇದೇ ಅವಧಿಯಲ್ಲಿ ವಶಪಡಿಸಿಕೊಂಡ ಅಕ್ರಮ ಅಡಿಕೆ ಎಷ್ಟು ಟನ್, ದಾಖಲಾದ ಪ್ರಕರಣಗಳು ಎಷ್ಟು?

ಕುಲುಮೆ (ಭದ್ರಾವತಿ)

ಇದಕ್ಕೆ ಭಾಷಣ ಹೊಡೆಯಲು ಸಾಧ್ಯವಿಲ್ಲ. ನಾನು ಚೌಕಟ್ಟಿನ ಮಾತು ಆಡಿದ್ದೆ, ಇದರ ಉತ್ತರ ಬಂದರೆ ಎಪಿಎಂಸಿಯ ಗೋಡೆಗೆ ಹಾಕಬಹುದು.

ಕೊನೆಗಾರ (ಹೊಸನಗರ)

ಯಾರ ಕೈಗೆ ಕೊಡುವುದು? ಆಡಳಿತ ಪಕ್ಷದ ಸಂಸದರು ತಮ್ಮದೇ ಸಚಿವರಿಗೆ ಇದನ್ನು ಕೇಳುತ್ತಾರೆಯೇ? ಅವರ ಕಡೆಯವರ ಪ್ರಶ್ನೆಗಳನ್ನು ಕೇಳಿದ್ದೇನೆ, ‘ಸಚಿವರು ಇಷ್ಟು ಒಳ್ಳೆಯ ಕೆಲಸ ಮಾಡಲು ಹೇಗೆ ಸಾಧ್ಯವಾಯಿತು’ ಎಂಬ ಧಾಟಿ.

ತುಂಗೆಯ ದಡ (ಶಿವಮೊಗ್ಗ)

ಕೇಳುತ್ತಾರೆ. ಚುಕ್ಕೆ ಗುರುತಿಲ್ಲದ್ದು ಎಂದು ಕೊಡಿ. ಎದ್ದು ನಿಂತು ತಮ್ಮ ಸಚಿವರಿಗೆ ಮುಜುಗರ ಮಾಡುವ ಪ್ರಸಂಗವಿಲ್ಲ, ಅಂಕಿಅಂಶ ಮಾತ್ರ ಬರುತ್ತದೆ. ಅಡಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಯ ಯಾವ ಪಕ್ಷದವರೂ ಹಿಂಜರಿಯುವುದಿಲ್ಲ, ಮತ ಇರುವುದೇ ಅಲ್ಲಿ.

ಸೋಮೇಶ್ವರ ತಿರುವು (ಆಗುಂಬೆ)

ಅಪರೂಪಕ್ಕೆ ದಡದವರ ಮಾತು ಒಪ್ಪುತ್ತೇನೆ. ಆದರೆ ಅದೇ ಪ್ರಶ್ನೆಯನ್ನು ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ಸದಸ್ಯರೊಬ್ಬರಿಗೂ ಕೊಡೋಣ, ಚುಕ್ಕೆ ಗುರುತಿನದ್ದಾಗಿ. ಕರ್ನಾಟಕದಿಂದ 12 ಜನ ಇದ್ದಾರೆ. ಚೀಟಿಯಲ್ಲಿ ಹೆಸರು ಬಂದರೆ ಉಪಪ್ರಶ್ನೆಗೂ ದಾರಿಯಾಗುತ್ತದೆ. ಎರಡು ಸದನಗಳಲ್ಲಿ ಎರಡು ಸಂಖ್ಯೆ ಬಂದರೆ ಇನ್ನೂ ಮಜಾ.

ಹಳೆಯ ವರದಿಗಾರ (ಸಾಗರ)

(ಈ) ತೆಗೆದು ಬೇರೆ ಹಾಳೆಯಲ್ಲಿ ಬರೆಯಿರಿ, ಹಣಕಾಸು ಸಚಿವರಿಗೆ. ವಶಪಡಿಸಿಕೊಳ್ಳುವುದು ಅವರ ಇಲಾಖೆ. ಅದು ಇಲ್ಲೇ ಉಳಿದರೆ ಅದೊಂದನ್ನೇ ನೆಪ ಮಾಡಿ ಇಡೀ ಪ್ರಶ್ನೆಯನ್ನು ವರ್ಗಾಯಿಸುತ್ತಾರೆ. ಉಳಿದ ಮೂರು ಚೆನ್ನಾಗಿವೆ. ಈ ಅಧಿವೇಶನಕ್ಕೆ 15 ದಿನದ ಸೂಚನೆಯ ಗಡುವು ಮೀರಿದೆ, ಚಳಿಗಾಲದ ಅಧಿವೇಶನಕ್ಕೆ ಕಳುಹಿಸಿ. ದಿನಾಂಕ ಪ್ರಕಟವಾದ ಕೂಡಲೇ ವಾಣಿಜ್ಯ ಯಾವ ಗುಂಪಿನಲ್ಲಿದೆ ಎಂದು ನೋಡಿ ಹೇಳುತ್ತೇನೆ.

ದಂಡಾವತಿ (ಸೊರಬ)

ಲಸಿಕೆಯ ಪ್ರಶ್ನೆಯನ್ನು ನಾನು ಬರೆಯುತ್ತಿದ್ದೇನೆ. ನಾಳೆ ಇಲ್ಲಿಯೇ ಹಾಕುತ್ತೇನೆ, ವಿಶೇಷಣ ಇದ್ದರೆ ಕಡಿಯಿರಿ.